ಕಾರ್ಖಾನೆ ನಿಂತಿತು, ಗಾಡಿ ನಿಲ್ಲಲಿಲ್ಲ



ನಮ್ಮ ಹಾಸನ ಜಿಲ್ಲೆಯ ಚರಿತ್ರೆ ಎಂದೊಡನೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಹೆಚ್ಚೆಂದರೆ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆ ನಮ್ಮ ಕಣ್ಣ ಮುಂದೆ ಬರುತ್ತವೆ. ಕಲ್ಲಿನಲ್ಲಿ ಉಳಿದದ್ದು ಚರಿತ್ರೆ, ಕಬ್ಬಿಣದಲ್ಲಿ ಉಳಿದದ್ದು ಗುಜರಿ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಈ ಭಾವನೆಯೊಡನೆ ಸದಾ ಒಂದು ತಕರಾರು. ಆದ್ದರಿಂದ ಈ ಸಲ ಕಬ್ಬಿಣದ ಚರಿತ್ರೆಯೊಂದನ್ನು ಬರೆಯಹೊರಟಿದ್ದೇನೆ. ಮೈಸೂರಿನಲ್ಲಿ ತಯಾರಾಗಿ ನಮ್ಮ ಆಲೂರು, ಸಕಲೇಶಪುರದ ಗುಡ್ಡಗಳನ್ನು ಹತ್ತಿಳಿದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳ ಕಥೆ ಇದು.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಕೊನೆಯ ಗಾಡಿಗೂ ಈಗ ಹೆಚ್ಚುಕಡಿಮೆ ಮೂರು ದಶಕಗಳ ವಯಸ್ಸು. ಮೊದಮೊದಲ ಗಾಡಿಗಳು ಅರವತ್ತು ದಾಟಿವೆ. ನನ್ನಂತೆಯೇ ನಿವೃತ್ತಿಯ ವಯಸ್ಸು! ತಯಾರಿಸಿದ ಕಂಪನಿಯೇ ಇಲ್ಲವಾದ ಮೇಲೆ ಒಂದು ಯಂತ್ರ ಎಷ್ಟು ಕಾಲ ಬದುಕಬಲ್ಲುದು? ಐದು ವರ್ಷ, ಹತ್ತು ವರ್ಷ ಎನ್ನುವುದು ಲೋಕರೂಢಿಯ ಲೆಕ್ಕ. ಆದರೆ ಮಳೆ ನಿಂತು ಬಿಸಿಲು ಬಿದ್ದ ಒಂದು ಭಾನುವಾರ ನಮ್ಮ ಹೆದ್ದಾರಿಯ ಪಕ್ಕದಲ್ಲಿ ನಿಂತು ನೋಡಿದರೆ, ಆ ಲೆಕ್ಕ ತಪ್ಪೆಂದು ಸಾರುತ್ತ ಡುಗುಡುಗು ಸದ್ದಿನೊಡನೆ ಒಂದಾದರೂ ಹಳೆಯ ಯೆಜ್ಡಿ ಹಾದುಹೋಗುತ್ತದೆ. ಇದು ಹೇಗೆ ಸಾಧ್ಯವಾಯಿತು ಎಂಬುದೇ ನಾನು ಇಲ್ಲಿ ಕೇಳಿಕೊಳ್ಳುತ್ತಿರುವ ಪ್ರಶ್ನೆ.

ನಮ್ಮ ಕಡೆಯ ದಾರಿಗಳು

ಉತ್ತರ ಹುಡುಕುವ ಮೊದಲು ನಮ್ಮ ಭೂಗೋಳವನ್ನೊಮ್ಮೆ ನೆನೆದುಕೊಳ್ಳೋಣ. ಆಲೂರು ತಾಲ್ಲೂಕಿನ ಪಾಳ್ಯ ಹೋಬಳಿ ಅರೆಮಲೆನಾಡು. ಹಾಸನದ ಬಯಲು ಇಲ್ಲಿ ಮುಗಿಯುತ್ತದೆ. ಗದ್ದೆಯ ಕೋಡಿಗಳು ಕಿರಿದಾಗುತ್ತ, ಕಾಫಿ ತೋಟಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತ, ಹೇಮಾವತಿ ನದಿಯನ್ನು ದಾಟಿದ ಮೇಲೆ ಪೂರ್ತಿ ಮಲೆನಾಡು ಆರಂಭವಾಗುತ್ತದೆ. ಹೆತ್ತೂರು, ಯಸಳೂರು, ಹಾನುಬಾಳು ಕಡೆಗೆ ಹೋದಷ್ಟೂ ಮನೆಗೂ ಮನೆಗೂ ನಡುವಿನ ಅಂತರ ಹೆಚ್ಚು, ರಸ್ತೆಯ ಅಗಲ ಕಡಿಮೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದ್ದು, ಅಲ್ಲಿಂದ ದೋಣಿಗಾಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿಯನ್ನು ಇಳಿದರೆ ಗುಂಡ್ಯ. ಇತ್ತ ಬಿಸಿಲೆಯ ಕಡೆಯಿಂದ ಸುಬ್ರಹ್ಮಣ್ಯಕ್ಕೆ ಇನ್ನೊಂದು ಕಾಡುದಾರಿ.

ಹೆದ್ದಾರಿಯಲ್ಲಿ ಬಸ್ಸುಗಳಿದ್ದವು, ನಿಜ. ಆದರೆ ಮಲೆನಾಡಿನ ಬದುಕು ಹೆದ್ದಾರಿಯ ಮೇಲೆ ನಡೆಯುವುದಲ್ಲ. ಬಸ್ಸು ಇಳಿದ ಮೇಲೆ ಮೂರೋ ನಾಲ್ಕೋ ಮೈಲಿ ಜಲ್ಲಿ ರಸ್ತೆ, ಅದರಾಚೆಗೆ ತೋಟದ ಕೆಮ್ಮಣ್ಣಿನ ದಾರಿ. ಹಾಸನ ಮತ್ತು ಮಂಗಳೂರಿನ ನಡುವೆ ಮೀಟರ್ ಗೇಜ್ ರೈಲು ಸಂಚಾರ ಆರಂಭವಾದದ್ದು 1979ರಲ್ಲಿ. ಅದೂ ಬ್ರಾಡ್ ಗೇಜ್ ಪರಿವರ್ತನೆಗೆಂದು ಘಾಟಿಯ ಭಾಗದಲ್ಲಿ 1996ರಲ್ಲಿ ನಿಂತುಹೋಗಿ, ಪ್ರಯಾಣಿಕರ ರೈಲು ಮತ್ತೆ ಓಡತೊಡಗಿದ್ದು 2007ರ ಕೊನೆಯಲ್ಲಿ. ಕಾರು ಎಂಬುದು ದೊಡ್ಡ ತೋಟದ ಸಾಹುಕಾರರ ಮನೆಯ ವಸ್ತು. ಜೀಪು ಅವರಿಗಿಂತ ತುಸು ಕೆಳಗಿನವರದು. ಉಳಿದವರಿಗೆ, ಎಂದರೆ ಎಸ್ಟೇಟಿನ ರೈಟರುಗಳಿಗೆ, ಸಣ್ಣ ಹಿಡುವಳಿಯ ಬೆಳೆಗಾರರಿಗೆ, ಪಶುವೈದ್ಯರಿಗೆ, ಶಾನುಭೋಗರ ಜಾಗಕ್ಕೆ ಬಂದ ಗ್ರಾಮಲೆಕ್ಕಿಗರಿಗೆ, ನನ್ನಂಥ ಮೇಷ್ಟರುಗಳಿಗೆ ಕಾಲ್ನಡಿಗೆಯಿಂದ ಬಿಡುಗಡೆ ಕೊಟ್ಟದ್ದು ಮೋಟಾರ್ ಸೈಕಲ್ಲು. ಹೆರಿಗೆಯ ನೋವು ಬಂದ ಮನೆಗೆ ರಾತ್ರಿಯಲ್ಲಿ ದಾದಿಯನ್ನು ಕರೆತಂದದ್ದು, ಪರೀಕ್ಷೆಯ ಹಾಲ್ ಟಿಕೆಟ್ಟನ್ನು ಬೆಳಗಾಗುವುದರೊಳಗೆ ಹುಡುಗನ ಕೈಗೆ ಮುಟ್ಟಿಸಿದ್ದು, ಇಂಥ ನೂರು ಸಣ್ಣ ಉಪಕಾರಗಳು ಅದರ ಹಿಂಬದಿಯ ಸೀಟಿನ ಮೇಲೆ ನಡೆದಿವೆ. ಯಾವ ಗೆಜೆಟಿಯರಿನಲ್ಲಿಯೂ ಇವು ದಾಖಲಾಗಿಲ್ಲ.

ಪ್ರಾಗ್ ನಗರದಿಂದ ಯಾದವಗಿರಿಗೆ

ಜಾವಾ ಎಂಬ ಹೆಸರು ಕೇಳಿ ಅದು ಇಂಡೋನೇಷ್ಯಾದ ದ್ವೀಪದಿಂದ ಬಂದದ್ದೆಂದು ತಿಳಿದವರನ್ನು ನಾನು ಕಂಡಿದ್ದೇನೆ. ವಾಸ್ತವದಲ್ಲಿ ಅದು ಎರಡು ಹೆಸರುಗಳ ಸಂಧಿ. ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಕನಾಗಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಜಾವಾ ಎಂದು ಕರೆದನು. ಬಂದೂಕಿನ ಕಾರ್ಖಾನೆಯೊಂದು ಸವಾರಿಯ ಯಂತ್ರಕ್ಕೆ ಒಲಿದದ್ದು ಎರಡು ಮಹಾಯುದ್ಧಗಳ ನಡುವಿನ ಬಿಡುವಿನಲ್ಲಿ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಎರಡನೆಯ ಮಹಾಯುದ್ಧದ ಬಳಿಕ ಆ ದೇಶದಲ್ಲಿ ಸಮಾಜವಾದಿ ಆಡಳಿತ ಬಂದು ಕಾರ್ಖಾನೆ ರಾಷ್ಟ್ರೀಕರಣಗೊಂಡಿತು.

1950ರ ದಶಕದಲ್ಲಿ ಈ ಗಾಡಿಗಳು ಮುಂಬಯಿಯ ಮೂಲಕ ನಮ್ಮ ದೇಶಕ್ಕೆ ಆಮದಾಗುತ್ತಿದ್ದವು. ಆದರೆ ಅದು ವಿದೇಶಿ ವಿನಿಮಯದ ಅಭಾವದ ಕಾಲ. ಆಮದು ಬೇಡ, ಇಲ್ಲಿಯೇ ತಯಾರಿಸಿ ಎಂಬುದು ಸರ್ಕಾರದ ನೀತಿ. ಆ ನೀತಿಯಿಂದಲೇ ನಮ್ಮ ರಸ್ತೆಗಳ ಮೂರು ದೊಡ್ಡ ಮೋಟಾರ್ ಸೈಕಲ್ಲುಗಳು ಹುಟ್ಟಿದವು. ಮದರಾಸಿನಲ್ಲಿ 1955ರಲ್ಲಿ ಇಂಗ್ಲೆಂಡ್ ಮೂಲದ ಬುಲೆಟ್, ಉತ್ತರದಲ್ಲಿ 1960ರ ದಶಕದ ಆರಂಭಕ್ಕೆ ಪೋಲೆಂಡ್ ಮೂಲದ ರಾಜದೂತ್, ನಮ್ಮ ಮೈಸೂರಿನಲ್ಲಿ ಚೆಕ್ ಮೂಲದ ಜಾವಾ. ಇರಾನಿ ಕುಟುಂಬದ ರುಸ್ತುಂ ಮತ್ತು ಫರೂಕ್ ಅವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಅಸ್ತಿತ್ವಕ್ಕೆ ಬಂದು, 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನು ಅಂದಿನ ರಾಜ್ಯಪಾಲರೂ ಆಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ರೇಷ್ಮೆ, ಗಂಧದೆಣ್ಣೆ, ಅಗರಬತ್ತಿಗಳ ಊರಿಗೆ ಪೆಟ್ರೋಲಿನ ವಾಸನೆಯೂ ಸೇರಿಕೊಂಡಿತು.

ಚೆಕ್ ಕಂಪನಿಯೊಡನಿದ್ದ ಪರವಾನಗಿಯ ಅವಧಿ ಮುಗಿಯುತ್ತಿದ್ದಂತೆ, 1970ರ ದಶಕದ ಮೊದಲರ್ಧದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಈ ಹೆಸರಿನಲ್ಲೊಂದು ಚಮತ್ಕಾರವಿದೆ. ಇರಾನಿನಲ್ಲಿ ಯಜ್ದ್ ಎಂಬ ಪ್ರಾಚೀನ ನಗರವಿದೆ. ಪಾರಸಿಗಳ ಜರತುಷ್ಟ್ರ ಧರ್ಮದ ಮುಖ್ಯ ನೆಲೆಗಳಲ್ಲಿ ಅದೂ ಒಂದು. ಅತ್ತ ಚೆಕ್ ಭಾಷೆಯಲ್ಲಿ 'ಯೆಜ್ದೀ' ಎಂದರೆ 'ಓಡುತ್ತದೆ, ಸವಾರಿ ಹೊರಡುತ್ತದೆ' ಎಂದರ್ಥ. ತಂದೆಯ ಊರು, ತಾಯಿಯ ನುಡಿ ಎರಡೂ ಒಂದೇ ಪದದಲ್ಲಿ ಕೂಡಿಕೊಂಡಂತಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿ ಕಾಲೇಜು ಹುಡುಗರ ಕನಸಿನ ಗಾಡಿಯಾಯಿತು; ಮದರಾಸಿನ ಬಳಿ ಹಳೆಯ ವಿಮಾನದಾಣವಾದ ಶೋಳಾವರಂನಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿಯೂ ಮೈಸೂರಿನ ಗಾಡಿಗಳು ಓಡಿದವು.

ಒಂದು ಸಿಲಿಂಡರು, ಎರಡು ಸೈಲೆನ್ಸರು

ಈಗ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ವಿಜ್ಞಾನದ ಪಾಠವೆಂದು ಹೆದರಬೇಡಿ. ಹಳೆಯ ಜಾವಾದ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ಎರಡನ್ನೂ ಸೂತ್ರಕ್ಕೆ ಹಾಕಿದರೆ ಸುಮಾರು 250 ಘನ ಸೆಂಟಿಮೀಟರ್ ಗಾತ್ರ. ಇದು ಟೂ ಸ್ಟ್ರೋಕ್ ಎಂಜಿನ್. ನಾಲ್ಕು ಹಂತಗಳಲ್ಲಿ ಆಗುವ ಕೆಲಸ ಇಲ್ಲಿ ಎರಡೇ ಹಂತಗಳಲ್ಲಿ ಮುಗಿಯುತ್ತದೆ. ವಾಲ್ವುಗಳಿಲ್ಲ, ಅವನ್ನು ಎತ್ತಿ ಇಳಿಸುವ ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ಮುಚ್ಚಿ ತೆರೆಯುತ್ತದೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಇವು ಮೂರೇ ಎಂಜಿನ್ನಿನ ಮುಖ್ಯ ಚಲಿಸುವ ಭಾಗಗಳು. ಒಂದೇ ಸಿಲಿಂಡರಿಗೆ ಎರಡು ಬದಿಯಲ್ಲಿಯೂ ಹೊಗೆಕಿಂಡಿಗಳಿದ್ದುದರಿಂದ ಎರಡು ಸೈಲೆನ್ಸರುಗಳು. ಗಾಡಿ ಸ್ಟಾರ್ಟ್ ಮಾಡುವ ಕಿಕ್ಕರೇ ಒಂದು ಮಗ್ಗುಲಿಗೆ ತಿರುಗಿಸಿದರೆ ಗೇರ್ ಹಾಕುವ ಸನ್ನೆ. ಗೇರ್ ಬದಲಿಸುವಾಗ ಕ್ಲಚ್ ತಾನಾಗಿಯೇ ಬಿಡುವಂಥ ವ್ಯವಸ್ಥೆಯೂ ಇದ್ದಿತು. ಚೈನು ಪೂರ್ತಿ ಕವಚದೊಳಗೆ. ನಮ್ಮ ಕೆಮ್ಮಣ್ಣಿನ ಕೆಸರು ಅದಕ್ಕೆ ತಾಗುತ್ತಿರಲಿಲ್ಲ.

ಈ ಸರಳತೆಗೂ ಒಂದು ಬೆಲೆ ಇದ್ದಿತು. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಇಪ್ಪತ್ತು, ಇಪ್ಪತ್ತೈದು ಲೀಟರ್ ಪೆಟ್ರೋಲಿಗೆ ಒಂದು ಲೀಟರ್ ಎಣ್ಣೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಹಿಂದೆ ಬರುವವರ ಕಣ್ಣಿಗೆ ಹೊಗೆ. ಘಾಟಿಯಲ್ಲಿ ಇದರ ಇನ್ನೊಂದು ಸೂಕ್ಷ್ಮವಿದೆ. ಶಿರಾಡಿಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಗಾಡಿಯನ್ನು ಬಿಟ್ಟರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲು ಒಳಗೆ ಹೋಗದ ಕಾರಣ ಅದರೊಡನೆ ಹೋಗಬೇಕಾದ ಎಣ್ಣೆಯೂ ಹೋಗುವುದಿಲ್ಲ. ಆದ್ದರಿಂದ ತಿಳಿದ ಸವಾರರು ಇಳಿಯುವಾಗಲೂ ಆಗಾಗ ಆಕ್ಸಿಲರೇಟರನ್ನು ಒಂದಿಷ್ಟು ತಿರುವಿ ಎಂಜಿನ್ನಿಗೆ ಎಣ್ಣೆ ಉಣಿಸುತ್ತಿದ್ದರು. ಹೊರಗಿನವರಿಗೆ ಅದು ಹುಡುಗಾಟದ ಸದ್ದಿನಂತೆ ಕೇಳುತ್ತಿತ್ತು. ಅದರ ಹಿಂದಿದ್ದದ್ದು ಯಂತ್ರದ ಹೊಟ್ಟೆಯ ಚಿಂತೆ.

ಕೈ ಕೆಸರಾದರೆ

ನಾನು ಯೆಜ್ಡಿ ಕೊಂಡದ್ದು 1988ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಅದೂ ಸೆಕೆಂಡ್ ಹ್ಯಾಂಡ್. ಒಬ್ಬ ಎಸ್ಟೇಟ್ ರೈಟರು ಹತ್ತು ವರ್ಷ ಓಡಿಸಿ ಬಿಟ್ಟಿದ್ದ ಮೆರೂನ್ ಬಣ್ಣದ ಗಾಡಿ. ಗಾಡಿಯ ಜತೆಗೆ ಅವರು ನನಗೊಂದು ಬಟ್ಟೆಯ ಗಂಟನ್ನೂ ಕೊಟ್ಟರು. ಅದರಲ್ಲಿ ಮೂರು ಸ್ಪ್ಯಾನರು, ಒಂದು ಪ್ಲಗ್ ಸ್ಪ್ಯಾನರು, ಸ್ಕ್ರೂಡ್ರೈವರು, ಒಂದು ಹಳೆಯ ಪ್ಲಗ್ಗು, ಕ್ಲಚ್ ಕೇಬಲ್ಲಿನ ಒಂದು ಸುರುಳಿ, ಮರಳು ಕಾಗದದ ಚೂರು ಇದ್ದವು. "ಮೇಷ್ಟ್ರೇ, ಗಾಡಿ ನಾನು ಮಾರಿದ್ದು, ಗಂಟು ಮಾತ್ರ ಪುಕ್ಕಟೆ. ಆದ್ರೆ ಗಂಟಿಲ್ದೆ ಗಾಡಿ ಇಲ್ಲ" ಎಂದರು. ಒಡೆತನವೆಂದರೇನು ಎಂಬುದನ್ನು ಅರ್ಥಶಾಸ್ತ್ರದ ಯಾವ ಪುಸ್ತಕವೂ ನನಗೆ ಇಷ್ಟು ಚೊಕ್ಕವಾಗಿ ಹೇಳಿಕೊಟ್ಟಿರಲಿಲ್ಲ.

ಆ ಗಂಟಿನ ವಿದ್ಯೆಯನ್ನು ನಾನು ಕಲಿತದ್ದು ಸಕಲೇಶಪುರದ ಒಬ್ಬ ಮೆಕ್ಯಾನಿಕ್ಕಿನಿಂದ. ಅವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಆದರೆ ಕಿವಿಯಿಂದ ರೋಗ ಕಂಡುಹಿಡಿಯುವುದರಲ್ಲಿ ಧನ್ವಂತರಿ. ಪ್ಲಗ್ಗಿಗೆ ಕಿಡಿ ಕಳಿಸುವ ಪಾಯಿಂಟುಗಳ ನಡುವೆ ಸುಮಾರು 0.4 ಮಿಲಿಮೀಟರ್ ಸಂದು ಇರಬೇಕು. ಅದನ್ನು ಅಳೆಯಲು ಫೀಲರ್ ಗೇಜ್ ಎಂಬ ಉಪಕರಣವಿದೆ. ನಮ್ಮ ಮೆಕ್ಯಾನಿಕ್ಕಿನ ಬಳಿ ಅದೂ ಇದ್ದಿತು, ಆದರೆ ಕೈಗೆ ಸಿಗುತ್ತಿದ್ದದ್ದು ಮಡಿಸಿದ ಪೋಸ್ಟ್‌ಕಾರ್ಡು. "ಗೇಜು ಅಂಗಡೀಲಿ ಇರುತ್ತೆ ಸಾರ್, ಗಾಡಿ ಕಾಡಲ್ಲಿ ನಿಲ್ಲುತ್ತೆ. ಜೇಬಲ್ಲಿ ಕಾರ್ಡು ಇದ್ರೆ ಸಾಕು" ಎನ್ನುತ್ತಿದ್ದರು. ಮಳೆಗಾಲದಲ್ಲಿ ಪಾಯಿಂಟಿಗೆ ತೇವ ಹಿಡಿದರೆ ಒಣಬಟ್ಟೆಯಿಂದ ಒರೆಸುವುದು, ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಓದುವುದು, ಕಾರ್ಬುರೇಟರಿನ ಸೂಜಿಗಣ್ಣಿನಂಥ ಜೆಟ್ಟನ್ನು ಊದಿ ಶುದ್ಧ ಮಾಡುವುದು, ಸೈಲೆನ್ಸರಿನ ಒಳಕೊಳವೆಯನ್ನು ಬೆಂಕಿಗೆ ಹಿಡಿದು ಮಸಿ ಉದುರಿಸುವುದು, ಇವಿಷ್ಟನ್ನು ಒಂದು ಮಳೆಗಾಲ ಒಂದು ಬೇಸಗೆಯಲ್ಲಿ ಕಲಿತೆ. ಪ್ಲಗ್ಗಿನ ತುದಿ ಕಾಫಿಪುಡಿಯ ಕಂದುಬಣ್ಣಕ್ಕಿದ್ದರೆ ಎಲ್ಲವೂ ಸರಿ. ಕಪ್ಪಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು. ಬೆಳ್ಳಗಿದ್ದರೆ ಎಂಜಿನ್ ಕಾಯುತ್ತಿದೆ. ಕಾಫಿಯ ನಾಡಿನಲ್ಲಿ ಈ ಹೋಲಿಕೆಯನ್ನು ಯಾರಿಗೂ ವಿವರಿಸಬೇಕಿರಲಿಲ್ಲ.

ಒಂಬತ್ತನೆಯ ತರಗತಿಯಲ್ಲಿ ನಾನು ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ ಒಂದು ಸವೆದ ಪಿಸ್ಟನ್ನನ್ನು ಬೆಂಚಿನಿಂದ ಬೆಂಚಿಗೆ ಕಳುಹಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಜೇಮ್ಸ್ ವಾಟನ ಇಸವಿಗಳನ್ನು ನೀವು ಮರೆತಿದ್ದರೂ ಆ ಪಿಸ್ಟನ್ನಿನ ತೂಕವನ್ನು ಮರೆತಿರಲಾರಿರಿ. ನಿಮ್ಮಲ್ಲಿ ಇಬ್ಬರು ಮುಂದೆ ಅದೇ ಕಸುಬಿಗೆ ಹೋದಿರಿ. ನನ್ನ ಗಾಡಿಯ ಕೈಗುಣ ಈಗ ನಿಮ್ಮದೇ.

ಎರಡು ಜಾಹೀರಾತುಗಳು

ಐಡಿಯಲ್ ಜಾವಾ ತನ್ನ ಗಾಡಿಯನ್ನು ಎಂದೆಂದಿಗೂ ಬಾಳುವ ಬೈಕು, ಎಂದೆಂದಿಗೂ ಉಳಿಯುವ ಮೌಲ್ಯ ಎಂಬರ್ಥದ ಮಾತಿನಿಂದ ಪ್ರಚಾರ ಮಾಡುತ್ತಿದ್ದಿತು. 1980ರ ದಶಕದ ಮಧ್ಯಭಾಗದಲ್ಲಿ ಬಂದ ಇನ್ನೊಂದು ಕಂಪನಿಯ ಪ್ರಚಾರದ ಮಾತು: ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ. ಈ ಎರಡು ಜಾಹೀರಾತುಗಳ ನಡುವೆ ಒಂದು ಯುಗವೇ ಮಗುಚಿಕೊಂಡಿತು.

1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಮಾರುಕಟ್ಟೆಗೆ ಬಂದವು. ಜಪಾನಿನ ತಂತ್ರಜ್ಞಾನದೊಡನೆ ಸಹಯೋಗಕ್ಕೆ ಸರ್ಕಾರ ಅನುಮತಿ ಕೊಟ್ಟುದರ ಫಲ ಇದು. ಅವುಗಳಲ್ಲಿ ಹೀರೋ ಹೋಂಡಾ ಫೋರ್ ಸ್ಟ್ರೋಕ್ ಗಾಡಿ. ಎಣ್ಣೆ ಬೆರೆಸುವ ಗೋಜಿಲ್ಲ, ಲೀಟರಿಗೆ ಎಪ್ಪತ್ತು ಎಂಬತ್ತು ಕಿಲೋಮೀಟರಿನ ಮಾತು. ಯೆಜ್ಡಿ ಕೊಡುತ್ತಿದ್ದದ್ದು ಮೂವತ್ತರ ಆಸುಪಾಸು. 1973 ಮತ್ತು 1979ರ ತೈಲ ಬಿಕ್ಕಟ್ಟುಗಳ ಬಳಿಕ ಪೆಟ್ರೋಲಿನ ಬೆಲೆ ಏರಿದ್ದ ಕಾಲದಲ್ಲಿ ಸಂಬಳದಾರರ ಮನೆಯಲ್ಲಿ ಈ ವ್ಯತ್ಯಾಸವೆಂದರೆ ತಿಂಗಳ ದಿನಸಿಯ ವ್ಯತ್ಯಾಸ. ನನ್ನ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಹೊಸ ಗಾಡಿ ಕೊಂಡರು. ಅವರ ನಿರ್ಧಾರ ವಿವೇಕದ್ದೇ ಆಗಿದ್ದಿತು. ಇದಲ್ಲದೆ ದ್ವಿಚಕ್ರ ವಾಹನಗಳ ಹೊಗೆಗೆ 1991ರಲ್ಲಿ ಮೊದಲ ಮಿತಿ ಬಂದು, 1996ರಲ್ಲಿಯೂ 2000ದಲ್ಲಿಯೂ ಬಿಗಿಯಾಯಿತು. ಎಣ್ಣೆ ಸುಡುವ ಹಳೆಯ ಎಂಜಿನ್ನಿಗೆ ಇವನ್ನು ದಾಟುವುದು ಕಷ್ಟವಾಗಿದ್ದಿತು. ಯಾದವಗಿರಿಯ ಕಾರ್ಖಾನೆ ಹೊಸ ಎಂಜಿನ್ನಿಗೆ ಹೊರಳಲಾಗದೆ ದಣಿಯಿತು. 1996ರಲ್ಲಿ ಉತ್ಪಾದನೆ ನಿಂತಿತು. 2001ರಲ್ಲಿ ಹೈಕೋರ್ಟಿನ ಆದೇಶದಂತೆ ಕಂಪನಿಯ ಸಮಾಪನೆಯೂ ಆರಂಭವಾಯಿತು.

ಹಳೆಯ ಗಾಡಿಯ ಅಭಿಮಾನಿಗಳು ಈ ಅಧ್ಯಾಯವನ್ನು ಮೋಸದ ಕಥೆಯಂತೆ ಹೇಳುವುದುಂಟು. ಚರಿತ್ರೆಯ ಮೇಷ್ಟ್ರಾಗಿ ನಾನು ಅದನ್ನು ಒಪ್ಪಲಾರೆ. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಗಾಡಿಯಿಂದ ಹಾಲು ಹಾಕುವವರು, ತರಕಾರಿ ಮಾರುವವರು, ಮೊದಲು ಮೋಟಾರ್ ಸೈಕಲ್ಲಿನ ಕನಸನ್ನೂ ಕಾಣದಿದ್ದವರು ಸವಾರರಾದರು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. ಮುಚ್ಚಳ ಹಾಕಿ ಮರೆಯಬಹುದಾದ ಯಂತ್ರ ಬಂದ ಮೇಲೆ ಸೀಟಿನ ಕೆಳಗಿನ ಬಟ್ಟೆಗಂಟು ಮಾಯವಾಯಿತು. ಗಾಡಿ ನಮ್ಮದಾಯಿತು, ಅದರ ವಿದ್ಯೆ ನಮ್ಮದಾಗಲಿಲ್ಲ.

1996ರ ನಂತರ

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಗುತ್ತದೆ. ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದಾಗ ಕಾರ್ಮಿಕರ ಬದುಕು ಅತಂತ್ರವಾಯಿತು. ಅದು ಸಣ್ಣ ದುಃಖವಲ್ಲ. ಆದರೆ ಬೀಗ ಬಿದ್ದದ್ದು ಕಟ್ಟಡಕ್ಕೆ ಮಾತ್ರ. ಅಲ್ಲಿ ದುಡಿದ ಕೆಲವರು ಮೈಸೂರಿನಲ್ಲಿಯೇ ಸ್ವಂತ ಗ್ಯಾರೇಜು ತೆರೆದರು. ಬಿಡಿಭಾಗಗಳನ್ನು ಸಣ್ಣ ವರ್ಕ್‌ಶಾಪುಗಳು ತಯಾರಿಸತೊಡಗಿದವು. ಲೇತ್ ಯಂತ್ರವಿದ್ದ ಊರಿನಲ್ಲೆಲ್ಲ ಸಿಲಿಂಡರಿಗೆ ಬೋರಿಂಗ್ ಮಾಡಿ ಒಂದು ಅಳತೆ ದೊಡ್ಡ ಪಿಸ್ಟನ್ ಕೂರಿಸುವುದು ಸಾಧ್ಯವಿದ್ದಿತು. ಮೂರೇ ಚಲಿಸುವ ಭಾಗಗಳ ಆ ಸರಳ ಎಂಜಿನ್ನಿನ ವಿದ್ಯೆ ಮೂವತ್ತೈದು ವರ್ಷಗಳಲ್ಲಿ ಕಾರ್ಖಾನೆಯಿಂದ ಡೀಲರಿಗೆ, ಡೀಲರಿನಿಂದ ಮೆಕ್ಯಾನಿಕ್ಕಿಗೆ, ಮೆಕ್ಯಾನಿಕ್ಕಿನಿಂದ ಸವಾರನಿಗೆ ಹರಿದು ಬಂದಿದ್ದಿತು. ಕೆರೆ ಒಡೆದರೂ ಗದ್ದೆಗಳಲ್ಲಿ ನೀರು ನಿಂತಿದ್ದಂತೆ.

ಮುಂದಿನದನ್ನು ನೀವೂ ಬಲ್ಲಿರಿ. ಗುಜರಿಗೆ ಹೋಗಬೇಕಾದ ಗಾಡಿಗಳನ್ನು ಹುಡುಗರು ಹುಡುಕಿ ಕೊಳ್ಳತೊಡಗಿದರು. ಮೈಸೂರು, ಬೆಂಗಳೂರುಗಳಲ್ಲಿ ಕ್ಲಬ್ಬುಗಳು ಹುಟ್ಟಿದವು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಮೆರವಣಿಗೆ ಹೊರಡುವ ಪದ್ಧತಿ ಬಂದಿತು. 2018ರ ನವೆಂಬರಿನಲ್ಲಿ ಮಹೀಂದ್ರಾ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲಿಯೂ, 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನಲ್ಲಿಯೂ ಹೊಸ ಗಾಡಿಗಳನ್ನು ತಂದಿತು. ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್, ತಂಪುಗೊಳಿಸಲು ದ್ರವ, ಪೆಟ್ರೋಲು ಕಳಿಸಲು ಕಂಪ್ಯೂಟರು. ಯೆಜ್ಡಿ ಎಂಬ ಹೆಸರು ಯಾರ ಸ್ವತ್ತೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಹೆಸರು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ 1996ರಿಂದ 2018ರವರೆಗೆ, ಇಪ್ಪತ್ತೆರಡು ವರ್ಷ, ಆ ಹೆಸರಿಗೆ ಜೀವ ಉಳಿಸಿದವರು ಬೀದಿಬದಿಯ ಮೆಕ್ಯಾನಿಕ್ಕುಗಳು. ಅವರ ಪಾಲನ್ನು ಯಾವ ದಾವೆಯಲ್ಲಿಯೂ ಯಾರೂ ಕೇಳಲಿಲ್ಲ.

ಬರೆದಿಡಬೇಕಾದದ್ದು

ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಎನ್ನುವ ವಯಸ್ಸು ನನ್ನದು. ಆದರೆ ಅದು ನನ್ನ ಅಭಿಪ್ರಾಯವಲ್ಲ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ನಿಯಮದಿಂದ ಹೊಸ ಗಾಡಿಗಳ ಹೊಗೆ ಬಹಳ ಕಡಿಮೆಯಾಗಿದೆ. 125 ಸಿಸಿ ಮೀರಿದ ಗಾಡಿಗಳಿಗೆ 2019ರಿಂದ ಎಬಿಎಸ್ ಬ್ರೇಕು ಕಡ್ಡಾಯವಾದ ಮೇಲೆ, ಮಳೆಯಲ್ಲಿ ನೆನೆದ ನಮ್ಮ ತಿರುವುಗಳಲ್ಲಿ ಚಕ್ರ ಜಾರುವ ಭಯ ತಗ್ಗಿದೆ. ಶಿರಾಡಿಯನ್ನು 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದ್ದಾರೆ. ಹೊಸ ಗಾಡಿಯಲ್ಲಿ ಆ ದಾರಿಯಲ್ಲಿ ಹೋಗುವ ಮೊಮ್ಮಕ್ಕಳ ಬಗ್ಗೆ ನನ್ನ ಮನೆಯಾಕೆಗೆ ಚಿಂತೆ ಕಡಿಮೆ. ನಾನು ನನ್ನ ಯೆಜ್ಡಿ ಹೊರತೆಗೆದರೆ ಮಾತ್ರ ಹೆಚ್ಚು.

ಆದರೆ ಒಂದು ಮಾತು. ಹೊಸ ಗಾಡಿ ನಿಂತರೆ ಅದರ ರೋಗವನ್ನು ಹೇಳುವುದು ಕಂಪನಿಯ ಕೇಂದ್ರದಲ್ಲಿರುವ ಕಂಪ್ಯೂಟರು. ಮೊಬೈಲು, ಟ್ರ್ಯಾಕ್ಟರು, ಮನೆಯ ನೀರೆತ್ತುವ ಪಂಪು ಎಲ್ಲದರ ಕಥೆಯೂ ಇದೇ ದಿಕ್ಕಿನಲ್ಲಿದೆ. ಕೊಂಡವನಿಗೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕೂ ಇರಬೇಕೆಂದು ಕೇಂದ್ರ ಸರ್ಕಾರವೇ 2022ರಲ್ಲಿ ಸಮಿತಿಯೊಂದನ್ನು ರಚಿಸಿ, ಆ ವರ್ಷದ ಡಿಸೆಂಬರಿನಲ್ಲಿ ಇದಕ್ಕೆಂದೇ ಒಂದು ಜಾಲತಾಣವನ್ನು ತೆರೆಯಿತು. ಆ ಪಟ್ಟಿಯಲ್ಲಿ ವಾಹನಗಳೂ ಸೇರಿವೆ. ಕಂಪನಿ ಮುಚ್ಚಿದರೆ ಇಂದಿನ ಗಾಡಿ ಮೂವತ್ತು ವರ್ಷ ಬದುಕೀತೇ ಎಂದು ಕೇಳಿಕೊಂಡರೆ ಈ ಹಕ್ಕಿನ ಬೆಲೆ ತಿಳಿಯುತ್ತದೆ. ನೀವು ಎಂಜಿನಿಯರುಗಳಾಗಿದ್ದೀರಿ, ಕೆಲವರು ಮೋಟಾರು ಕಂಪನಿಗಳಲ್ಲಿಯೇ ಇದ್ದೀರಿ. ಯಂತ್ರವನ್ನು ರಚಿಸುವಾಗ ಕಾಡಿನ ದಾರಿಯಲ್ಲಿ ಸಂಜೆ ಐದು ಗಂಟೆಗೆ ಒಬ್ಬಂಟಿಯಾಗಿ ನಿಂತ ಸವಾರನನ್ನು ಒಂದು ಕ್ಷಣ ನೆನೆಯಿರಿ.

ಸಕಲೇಶಪುರದ ನನ್ನ ಮೆಕ್ಯಾನಿಕ್ ಗುರುಗಳು ಈಗಿಲ್ಲ. ಅವರ ಪೀಳಿಗೆಯವರು ಎಲ್ಲ ಊರುಗಳಲ್ಲಿಯೂ ಎಪ್ಪತ್ತು ಎಂಬತ್ತರ ಅಂಚಿನಲ್ಲಿದ್ದಾರೆ. ಅವರ ವಿದ್ಯೆ ಪುಸ್ತಕದಲ್ಲಿಲ್ಲ. ಬೆರಳ ತುದಿಯಲ್ಲಿದೆ, ಕಿವಿಯಲ್ಲಿದೆ. ಹೊಯ್ಸಳರ ಶಿಲ್ಪಿಗಳಾದರೂ ಕಲ್ಲಿನ ಮೇಲೆ ತಮ್ಮ ಹೆಸರನ್ನು ಕೊರೆದು ಹೋದರು. ಇವರು ಅಷ್ಟನ್ನೂ ಮಾಡಿಲ್ಲ. ಆದ್ದರಿಂದ ಒಂದು ಹೋಮ್‌ವರ್ಕ್ ಕೊಡುತ್ತೇನೆ, ನಿವೃತ್ತನಾದರೂ ಚಾಳಿ ಬಿಟ್ಟಿಲ್ಲ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಕಡೆಯ ಹಳೆಯ ಮೆಕ್ಯಾನಿಕ್ ಒಬ್ಬರ ಪಕ್ಕದಲ್ಲಿ ಅರ್ಧ ದಿನ ಕುಳಿತುಕೊಳ್ಳಿ. ಯಾರಿಂದ ಕಲಿತಿರಿ, ಮೊದಲು ಬಿಚ್ಚಿದ ಗಾಡಿ ಯಾವುದು, ಬಿಡಿಭಾಗ ಸಿಗದಾಗ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳಿ. ದಿನಾಂಕ ಹಾಕುವುದನ್ನು ಮರೆಯಬೇಡಿ. ಅಂಕ ಕೊಡುವ ಅಧಿಕಾರ ಈಗ ನನಗಿಲ್ಲ, ಆದರೆ ಓದುವ ಆಸೆ ಇನ್ನೂ ಇದೆ.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ. ಹೆಲ್ಮೆಟ್ ಹಾಕಿಕೊಳ್ಳಿ.